ಗಿರಣಿಯ ದಾರಿ: ಸಂಚಾರದ ಯೋಜನೆ ಮತ್ತು ಬಾಗಲಕೋಟೆಯ ಬದುಕು

ಹಳೆಯ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿ ನಮ್ಮ ಮನೆ ಇದ್ದಾಗ ನಮ್ಮ ಅವ್ವ ವಾರಕ್ಕೆ ಎರಡು ಸಲ ಜೋಳದ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಳು. ಗಿರಣಿಯಲ್ಲಿ ಡಬ್ಬಿಯನ್ನು ಪಾಳಿಗೆ ಇಟ್ಟು, ಅದರ ಸರದಿ ಬರುವುದರೊಳಗೆ ಪಕ್ಕದ ಅಂಗಡಿಯಲ್ಲಿ ಕಾಯಿಪಲ್ಲೆ ಕೊಂಡು, ಗುಡಿಯ ಕಟ್ಟೆಯ ಮೇಲೆ ಕುಳಿತ ಗೆಳತಿಯರೊಂದಿಗೆ ನಾಲ್ಕು ಮಾತಾಡಿ, ದರ್ಜಿಯ ಹತ್ತಿರ ಕೊಟ್ಟಿದ್ದ ಕುಪ್ಪಸ ಆಗಿದೆಯೇ ಎಂದು ವಿಚಾರಿಸಿ, ಬಿಸಿಯಾದ ಹಿಟ್ಟಿನ ಡಬ್ಬಿಯೊಂದಿಗೆ ಮನೆಗೆ ಮರಳುತ್ತಿದ್ದಳು. ಇಷ್ಟಕ್ಕೆಲ್ಲ ಒಂದು ಗಂಟೆ ಸಾಕಾಗುತ್ತಿತ್ತು. ಹೀಗೆ ಹೋಗಿಬರಲು ಅವಳು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ, ಯಾರಿಂದಲೂ ರೊಕ್ಕ ಕೇಳುತ್ತಿರಲಿಲ್ಲ, ಯಾವ ವಾಹನದ ದಾರಿಯನ್ನೂ ಕಾಯುತ್ತಿರಲಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಓಣಿ ಮುಳುಗಡೆಯಾದ ನಂತರ ನಾವು, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರಕ್ಕೆ ಬಂದೆವು. ಮನೆ ದೊಡ್ಡದಾಯಿತು, ಮುಂದೆ ಅಂಗಳ ಬಂತು, ಅಗಲವಾದ ರಸ್ತೆ ಬಂತು. ಆದರೆ ಗಿರಣಿ ದೂರವಾಯಿತು. ಮೊದಮೊದಲು ಅವ್ವ ಡಬ್ಬಿಯನ್ನು ಹೊತ್ತು ಹೊರಡುವ ಪ್ರಯತ್ನ ಮಾಡಿದಳು. ಬೇಸಿಗೆ ಬಂದ ಮೇಲೆ ಅದನ್ನು ಬಿಟ್ಟಳು. ಆಮೇಲೆ ಡಬ್ಬಿ ನನ್ನ ತಮ್ಮನ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕುಳಿತು ಗಿರಣಿಗೆ ಹೋಗತೊಡಗಿತು, ಅವ್ವ ಮನೆಯಲ್ಲಿ ಉಳಿದಳು. ಅವಳ ಕೆಲಸ ಹಗುರವಾಯಿತು ಎಂದು ನಾವು ಸಂತೋಷಪಟ್ಟೆವು. ಆ ಒಂದು ಗಂಟೆಯಲ್ಲಿ ಅವಳು ಊರಿನೊಂದಿಗೆ ಇಟ್ಟುಕೊಂಡಿದ್ದ ಸಂಬಂಧವೂ ಹೋಯಿತು ಎಂಬುದು ನಮಗೆ ಹೊಳೆಯಲು ಹಲವು ವರ್ಷಗಳು ಬೇಕಾದವು. ಹಳೆಯ ಓಣಿಯ ಗೆಳತಿಯ ಮನೆಗೆ ಹೋಗೋಣವೇ ಎಂದು ಕೇಳಿದರೆ, "ಅಲ್ಲಿ ತನಕ ಹೋಗಾಕ ಯಾರನ್ನ ಕರಕೊಂಡು ಹೋಗ್ಲಿ, ಬ್ಯಾಡ ಬಿಡಪ್ಪಾ" ಎನ್ನುತ್ತಿದ್ದಳು. ಆ ಗೆಳತಿಯ ಮನೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿತ್ತು, ಅಷ್ಟೇ.

ಈ ಸಭೆಯಲ್ಲಿ ನಿಮ್ಮೆದುರು ಈ ಸಂಗತಿಯನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಸಂಚಾರದ ಯೋಜನೆ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಮೇಲ್ಸೇತುವೆ, ಸಿಗ್ನಲ್, ಬೆಂಗಳೂರಿನ ಮೆಟ್ರೊ. ಅವು ದೊಡ್ಡ ಊರಿನ ಮಾತು, ನಮ್ಮಂಥ ಊರುಗಳಿಗೆ ಅದರ ಗೊಡವೆ ಇಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಯಾರು ಮನೆಯಿಂದ ಹೊರಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ, ಯಾರು ಯಾರನ್ನು ಎಷ್ಟು ಸಲ ಭೇಟಿಯಾಗುತ್ತಾರೆ ಎಂಬುದನ್ನು ನಿರ್ಧರಿಸುವುದು ಈ ಯೋಜನೆಯೇ. ದೂರ ಎಂಬುದು ನಿಸರ್ಗ ಕೊಟ್ಟದ್ದಲ್ಲ. ಊರಿನೊಳಗಿನ ದೂರವನ್ನು ನಾವು ಕಟ್ಟುತ್ತೇವೆ, ಮನೆ ಕಟ್ಟಿದ ಹಾಗೆಯೇ. ಬಾಗಲಕೋಟೆಯವರಾದ ನಮ್ಮ ಕಣ್ಣೆದುರಿಗೇ ಅದು ನಡೆದಿದೆ, ಆದ್ದರಿಂದ ಇದನ್ನು ನಾವು ಬೇರೆ ಊರಿನವರಿಗಿಂತ ಚೆನ್ನಾಗಿ ಬಲ್ಲೆವು.

ಒಂದು ಚಿಕ್ಕ ಅಡ್ಡಮಾತಿಗೆ ಅವಕಾಶ ಕೊಡಿ. ನಮ್ಮ ಭಾಷೆಯಲ್ಲಿ ದೂರವನ್ನು ಹೇಳುವ ಹಳೆಯ ಮಾತುಗಳನ್ನು ನೆನಪಿಸಿಕೊಳ್ಳಿ. ಕೂಗಳತೆಯ ದೂರ ಎನ್ನುತ್ತೇವೆ, ಅಂದರೆ ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳುವಷ್ಟು. ಹರದಾರಿ ಎನ್ನುತ್ತೇವೆ, ಗಾವುದ ಎನ್ನುತ್ತೇವೆ. ಅವು ನಡೆಯುವವನ ದಣಿವನ್ನು ಬಲ್ಲ ಅಳತೆಗಳು. ಮನುಷ್ಯನ ದನಿಯನ್ನೂ ಕಾಲನ್ನೂ ಬಿಟ್ಟು ದೂರವನ್ನು ಅಳೆಯಬಹುದು ಎಂಬುದು ನಕ್ಷೆಯ ಕಾಲದ ಆಲೋಚನೆ. ನಕ್ಷೆಯ ಮೇಲೆ ನವನಗರದ ಎರಡು ಸೆಕ್ಟರುಗಳ, ಅಂದರೆ ಎರಡು ವಿಭಾಗಗಳ, ನಡುವೆ ಬೆರಳಗಲದ ಅಂತರವಿರುತ್ತದೆ. ಏಪ್ರಿಲ್ ತಿಂಗಳಿನ ಮಧ್ಯಾಹ್ನ ಎರಡು ಗಂಟೆಗೆ ಮೊಣಕಾಲು ನೋವಿರುವ ಹೆಂಗಸಿಗೆ ಆ ಬೆರಳಗಲವನ್ನು ದಾಟುವುದು ಆಗದ ಕೆಲಸ.

ಇನ್ನು ನಮ್ಮ ಊರಿನ ಕಥೆಗೆ ಬರೋಣ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲು ಬಿದ್ದಿತು. ಅಡಿಗಲ್ಲು ಹಾಕಿದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರೇ ಮುಂದೆ ಜಲಾಶಯಕ್ಕೆ ಬಂದಿತು. 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಬಹುದು ಎಂದು 2000ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹಿಡಿದು ನಮ್ಮ ಊರಿನ ತಗ್ಗಿನ ಓಣಿಗಳಿಗೆ ಬಂದು ನಿಂತಿತು. ಅವುಗಳಲ್ಲಿ ಇದ್ದವರಿಗಾಗಿ ನವನಗರ ಎದ್ದಿತು. ಅದರ ಯೋಜನೆಯನ್ನು ರೂಪಿಸಿದವರು ಚಾರ್ಲ್ಸ್ ಕೊರಿಯಾ; ನವಿ ಮುಂಬೈಯ ಯೋಜನೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದ ಆ ವಾಸ್ತುಶಿಲ್ಪಿ ಈ ದೇಶದ ಹವೆ, ಬಡತನ, ಅಂಗಳದ ಬದುಕು ಇವೆಲ್ಲವನ್ನೂ ಯೋಚಿಸಿದವರು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಗಳೂ ಜಿಲ್ಲಾ ಆಸ್ಪತ್ರೆಯೂ ನವನಗರದಲ್ಲಿ ನೆಲೆಯಾದವು. ಹೀಗೆ ಒಂದೇ ಊರು ಮೂರಾಯಿತು: ತಗ್ಗಿನಲ್ಲಿ ಉಳಿದ ಹಳೆಯ ಪೇಟೆ, ನಡುವಿನಲ್ಲಿ ಕಾಲೇಜುಗಳ ವಿದ್ಯಾಗಿರಿ, ಆಚೆಗೆ ಸೆಕ್ಟರುಗಳ ನವನಗರ. ಪೇಟೆ ಒಂದು ಕಡೆ, ಕಚೇರಿ ಇನ್ನೊಂದು ಕಡೆ, ಶಿಕ್ಷಣ ಮತ್ತೊಂದು ಕಡೆ. 2011ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ ಸುಮಾರು 1 ಲಕ್ಷ 12 ಸಾವಿರ. ಅಷ್ಟು ಜನರ ಊರಿಗೆ ಇದು ಬಹಳ ಹರವು.

ನವನಗರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೀರು, ಚರಂಡಿ, ಗಾಳಿ, ಬೆಳಕು, ಮಕ್ಕಳಿಗೆ ಆಡಲು ಬಯಲು, ಇವು ಹಳೆಯ ಊರಿನ ಎಷ್ಟೋ ಮನೆಗಳಿಗೆ ಇರಲಿಲ್ಲ. ಕೊಳಚೆಯ ಮಗ್ಗುಲಲ್ಲಿ ಬೆಳೆದವರಿಗೆ ಇಲ್ಲಿಯ ಒಣಗಿದ, ಅಗಲವಾದ ಬೀದಿಯ ಬೆಲೆ ಗೊತ್ತು. ನಾನು ಹೇಳುವುದು ಇಷ್ಟೇ: ಮನೆಯನ್ನೂ ರಸ್ತೆಯನ್ನೂ ಯೋಚಿಸಿದಷ್ಟು ಕಾಳಜಿಯಿಂದ ಆ ರಸ್ತೆಯ ಮೇಲೆ ಗಾಡಿ ಇಲ್ಲದವರು ಹೇಗೆ ಹೋಗುತ್ತಾರೆ ಎಂಬುದನ್ನು ನಾವು ಯೋಚಿಸಲಿಲ್ಲ.

ಬಸ್ಸು ಯಾಕೆ ಕಡಿಮೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಬಸ್ ನಿಲ್ದಾಣಕ್ಕೆ ಮನುಷ್ಯ ಸಲೀಸಾಗಿ ಐದು ನಿಮಿಷ ನಡೆಯುತ್ತಾನೆ ಎಂದುಕೊಳ್ಳಿ, ಅಂದರೆ ಸುಮಾರು 400 ಮೀಟರ್. ನಿಲ್ದಾಣವನ್ನು ನಡುವಿಗಿಟ್ಟು 400 ಮೀಟರಿನ ವೃತ್ತ ಎಳೆದರೆ ಅದರೊಳಗೆ ಸುಮಾರು 124 ಎಕರೆ ಜಾಗ ಬರುತ್ತದೆ. ಎಕರೆಗೆ 40 ಮನೆಗಳಿರುವ ಒತ್ತಾದ ಪೇಟೆಯಾದರೆ ಆ ನಿಲ್ದಾಣಕ್ಕೆ ಸುಮಾರು 5,000 ಮನೆಗಳು ನಡಿಗೆಯ ಅಳವಿನಲ್ಲಿರುತ್ತವೆ. ಎಕರೆಗೆ 10 ಮನೆಗಳ ಬಡಾವಣೆಯಾದರೆ ಸುಮಾರು 1,240 ಮನೆಗಳು ಮಾತ್ರ. ಅದರಲ್ಲೂ ಅರ್ಧ ನಿವೇಶನಗಳು ಖಾಲಿ ಬಿದ್ದಿದ್ದರೆ 600ರ ಆಸುಪಾಸು. ಅದೇ ಬಸ್ಸು, ಅದೇ ಡೀಸೆಲ್, ಅದೇ ಚಾಲಕನ ಸಂಬಳ, ಆದರೆ ಹತ್ತುವವರು ಎಂಟನೆಯ ಒಂದು ಪಾಲು. ಸೀಟು ತುಂಬದ ಮಾರ್ಗದಲ್ಲಿ ಬಸ್ಸುಗಳನ್ನು ಕಡಿಮೆ ಮಾಡುತ್ತಾರೆ. ಬಸ್ಸು ಕಡಿಮೆಯಾದಾಗ ಕಾಯಲಾರದವರು ಸಾಲ ಮಾಡಿ ಮೋಟಾರ್ ಸೈಕಲ್ ಕೊಳ್ಳುತ್ತಾರೆ. ಅವರು ಕೊಂಡ ಮೇಲೆ ಬಸ್ಸಿನ ಸೀಟು ಇನ್ನಷ್ಟು ಖಾಲಿ. ಈ ಸುತ್ತು ಒಮ್ಮೆ ಶುರುವಾಯಿತೆಂದರೆ ಕೊನೆಗೆ ನಿಲ್ದಾಣದಲ್ಲಿ ಉಳಿಯುವವರು ಗಾಡಿ ಓಡಿಸಲು ಬಾರದವರು, ಕೊಳ್ಳಲು ಆಗದವರು, ಓಡಿಸುವ ವಯಸ್ಸು ದಾಟಿದವರು ಮತ್ತು ಓಡಿಸುವ ವಯಸ್ಸಿಗೆ ಬಾರದವರು. ಅಂಥವರ ದನಿ ಯಾವ ಕಚೇರಿಗೂ ಮುಟ್ಟುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅಂಥ ಒಂದು ನಿಲ್ದಾಣದಲ್ಲಿ ನಾನು ಮಧ್ಯಾಹ್ನದ ಹೊತ್ತು ಕುಳಿತಿದ್ದೆ. ಅದಕ್ಕೆ ತಗಡಿನ ಚಪ್ಪರವಿತ್ತು, ಆದರೆ ಅದು ಪಶ್ಚಿಮಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಕಳೆದಂತೆ ಬಿಸಿಲು ಬೆಂಚಿನ ಮೇಲೆಯೇ ಬಂದು ಕುಳಿತಿತು. ಸಿಮೆಂಟಿನ ಬೆಂಚು ಕಾದ ಹೆಂಚಿನಂತಾಗಿತ್ತು. ಹಳ್ಳಿಯಿಂದ ಬಂದಿದ್ದ ಒಬ್ಬ ತಾಯಿ, ಕೈಯಲ್ಲಿ ಆಸ್ಪತ್ರೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಚಪ್ಪರದ ಹಿಂದೆ ಗೋಡೆಯ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಬಸ್ಸು ಬಂದರೆ ಅಲ್ಲಿಂದ ಅವಳಿಗೆ ಕಾಣುವಂತಿರಲಿಲ್ಲ. ಅದಕ್ಕೆ ಅವಳು ಆಗಾಗ ಎದ್ದು ರಸ್ತೆಯವರೆಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ನಲವತ್ತು ನಿಮಿಷಗಳ ಮೇಲೆ ಬಸ್ಸು ಬಂದಾಗ ಅವಳು ಗೋಡೆಯ ಹಿಂದೆಯೇ ಇದ್ದಳು. ಚಾಲಕನಿಗೆ ಚಪ್ಪರದಲ್ಲಿ ಯಾರೂ ಕಾಣಲಿಲ್ಲ. ನಾನು ಕೈ ಮಾಡಿದ್ದರಿಂದ ಬಸ್ಸು ನಿಂತಿತು. ಚಪ್ಪರ ಕಟ್ಟಿದವರ ಲೆಕ್ಕದಲ್ಲಿ ಅಲ್ಲಿ ನೆರಳಿದೆ, ಬಸ್ಸು ಬಿಟ್ಟವರ ಲೆಕ್ಕದಲ್ಲಿ ಅಲ್ಲಿ ಬಸ್ಸಿದೆ. ಆ ತಾಯಿಗೆ ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ.

ನಮ್ಮ ಹವೆಯಲ್ಲಿ ನೆರಳು ಅಲಂಕಾರವಲ್ಲ, ರಸ್ತೆಯ ಡಾಂಬರಿನಷ್ಟೇ ಅಗತ್ಯವಾದ ಸಂಚಾರ ಸಾಮಗ್ರಿ. ಬೇವಿನ ಮರಗಳ ಸಾಲಿರುವ ಒಂದು ಕಿಲೋಮೀಟರನ್ನು ಜನ ನಡೆಯುತ್ತಾರೆ. ಬಯಲಿನ ಅರ್ಧ ಕಿಲೋಮೀಟರಿಗೆ ಆಟೊ ಕರೆಯುತ್ತಾರೆ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಆ ಬೇವಿನ ಸಾಲು. ಅಗಲವಾದ ರಸ್ತೆಯಲ್ಲಿ ಗಾಡಿಯವನಿಗೆ ಉಳಿಯುವ ಒಂದೆರಡು ನಿಮಿಷಕ್ಕೆ ನಡೆಯುವವರೆಲ್ಲರ ನಡಿಗೆಯನ್ನೇ ಕೊಟ್ಟುಬಿಡುತ್ತೇವೆ, ಮತ್ತು ಆ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಕಾಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ನಲವತ್ತು ನಿಮಿಷಕ್ಕೊಂದು ಬಸ್ಸಿದ್ದರೆ ವೇಳೆ ತಿಳಿಯದೆ ಬಂದವನು ಸರಾಸರಿ ಇಪ್ಪತ್ತು ನಿಮಿಷ ಕಾಯುತ್ತಾನೆ. ಹತ್ತು ನಿಮಿಷಕ್ಕೊಂದಿದ್ದರೆ ಐದು ನಿಮಿಷ. ನಾಲ್ಕೈದು ಕಿಲೋಮೀಟರಿನ ಪ್ರಯಾಣಕ್ಕೆ ಬಸ್ಸಿನೊಳಗೆ ಕಳೆಯುವ ಹೊತ್ತು ಹದಿನೈದು ನಿಮಿಷವಾದರೆ, ಮೊದಲನೆಯ ಸಂದರ್ಭದಲ್ಲಿ ಓಡಾಟಕ್ಕಿಂತ ಕಾಯುವುದೇ ಹೆಚ್ಚು. ಬಸ್ಸಿನ ವೇಗ ಹೆಚ್ಚಿಸುವ ಯಾವ ಉಪಾಯವೂ ಇಲ್ಲಿ ಉಪಯೋಗಕ್ಕೆ ಬಾರದು. ದೊಡ್ಡ ಬಸ್ಸು ಒಂದರ ಬದಲಿಗೆ ಸಣ್ಣ ಬಸ್ಸು ಎರಡು ಮೂರು ಓಡಬೇಕು, ಮತ್ತು ಅವುಗಳ ವೇಳೆಯನ್ನು ಪ್ರತಿ ನಿಲ್ದಾಣದ ಕಂಬದ ಮೇಲೆ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕು. ಬಸ್ಸಿನ ವೇಳೆ ತಿಳಿದಿದ್ದರೆ ಆ ತಾಯಿ ಆಸ್ಪತ್ರೆಯ ಒಳಗಿನ ನೆರಳಿನಲ್ಲಿಯೇ ಕುಳಿತು, ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುವಂತಾಯಿತು. ಈ ಯೋಜನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಇದರ ಬೆಲೆ ಟಿಕೆಟ್ಟಿನ ಇಪ್ಪತ್ತು ಮೂವತ್ತು ರೂಪಾಯಿಗೆ ನಿಲ್ಲುವುದಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸು ಹೊರಗೆ ಹೋಗಬೇಕಾದರೆ ಮೊದಲು ಗಂಡನ ಅಥವಾ ಮಗನ ಹತ್ತಿರ ರೊಕ್ಕ ಕೇಳಬೇಕು. ರೊಕ್ಕ ಕೇಳಿದಾಗ "ಎಲ್ಲಿಗೆ, ಯಾಕ" ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆಗೆ ಹೆದರಿ ಹೊರಡುವುದೇ ಬೇಡವೆನಿಸುತ್ತದೆ. ಶಕ್ತಿ ಆ ಪ್ರಶ್ನೆಯನ್ನು ತೆಗೆದುಹಾಕಿತು. ತವರುಮನೆಗೆ, ಆಸ್ಪತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಬಾದಾಮಿಯ ಬನಶಂಕರಿಗೆ ತಾವೇ ಹೊರಟ ಹೆಣ್ಣುಮಕ್ಕಳ ಮುಖ ನೋಡಿದವರಿಗೆ ಸಾರಿಗೆಯ ನೀತಿ ಬದುಕನ್ನು ಹೇಗೆ ಬದಲಿಸುತ್ತದೆ ಎಂದು ವಿವರಿಸಬೇಕಾಗಿಲ್ಲ. ಆದರೆ ಬಸ್ಸು ಓಡುವ ಕಡೆ ಮಾತ್ರ ಶಕ್ತಿ ಇದೆ. ಊರಿನಿಂದ ಊರಿಗೆ ಬಿಟ್ಟಿಯಾಗಿ ಬಂದ ಹೆಂಗಸು ನಿಲ್ದಾಣದಲ್ಲಿ ಇಳಿದು ಸೆಕ್ಟರಿನೊಳಗಿನ ಕಚೇರಿಗೆ ಹೋಗಲು ಆಟೊಗೆ ರೊಕ್ಕ ಕೊಡುತ್ತಾಳೆ. ನೂರು ಕಿಲೋಮೀಟರಿನ ಪ್ರಯಾಣಕ್ಕೆ ಏನೂ ಇಲ್ಲ, ಕೊನೆಯ ಎರಡು ಕಿಲೋಮೀಟರಿಗೆ ದಿನದ ಖರ್ಚು.

ಆ ಕೊನೆಯ ಎರಡು ಕಿಲೋಮೀಟರನ್ನು ನಮ್ಮಲ್ಲಿ ನಡೆಸಿಕೊಂಡು ಹೋಗುತ್ತಿರುವುದು ಟಂಟಂ, ಅಂದರೆ ಹಲವರನ್ನು ಒಟ್ಟಿಗೆ ಕೂರಿಸಿಕೊಂಡು ಓಡುವ ಆಟೊ. ನಿಮ್ಮಲ್ಲಿ ಟಂಟಂ ಹತ್ತದವರು ಯಾರೂ ಇರಲಾರರು. ಕಾನೂನಿನ ಕಣ್ಣಿಗೆ ಅದು ಏನು ಎಂಬುದನ್ನು ಗಮನಿಸಿ. 1988ರ ಮೋಟಾರು ವಾಹನ ಕಾಯ್ದೆ ಪ್ರಯಾಣಿಕರ ವಾಹನಗಳನ್ನು ಎರಡು ಬಗೆಯಾಗಿ ನೋಡುತ್ತದೆ: ಬಸ್ಸಿನ ಹಾಗೆ ದಾರಿಯುದ್ದಕ್ಕೂ ಒಬ್ಬೊಬ್ಬರಿಂದ ಬೇರೆ ಬೇರೆ ಟಿಕೆಟ್ ಹಣ ಪಡೆದು ಹತ್ತಿಸಿ ಇಳಿಸುವ ವಾಹನ ಒಂದು, ಇಡೀ ಗಾಡಿಯನ್ನು ಒಬ್ಬರೇ ಬಾಡಿಗೆಗೆ ಹಿಡಿದುಕೊಂಡು ಹೋಗುವ ವಾಹನ ಇನ್ನೊಂದು. ಆಟೊದ ಪರವಾನಗಿ ಎರಡನೆಯ ಬಗೆಯದು. ಹಾಗಾಗಿ ತಲೆಗೆ ಹತ್ತು ರೂಪಾಯಿಯಂತೆ ಜನರನ್ನು ಕೂರಿಸಿಕೊಂಡು ಹೋಗುವ ಟಂಟಂನವನು ಪ್ರತಿದಿನ ಬೆಳಿಗ್ಗೆ ಎದ್ದು ತಪ್ಪು ಮಾಡಲು ಹೊರಟವನಂತೆ ಹೊರಡುತ್ತಾನೆ. ಅವನಿಗೆ ನಿಲ್ಲಲು ಗೊತ್ತುಪಡಿಸಿದ ಜಾಗವಿಲ್ಲ, ದರದ ಪಟ್ಟಿಯಿಲ್ಲ, ಮಾರ್ಗದ ಹೆಸರಿಲ್ಲ. ನಿಲ್ಲಲು ಜಾಗವಿಲ್ಲದ್ದರಿಂದ ಅವನು ತಿರುವಿನಲ್ಲಿ ನಿಲ್ಲುತ್ತಾನೆ. ತಿರುವಿನಲ್ಲಿ ನಿಂತದ್ದರಿಂದ ದಂಡ ಕಟ್ಟುತ್ತಾನೆ. ದಂಡ ಕಟ್ಟಿದ್ದನ್ನು ತುಂಬಿಕೊಳ್ಳಲು ಇನ್ನಿಬ್ಬರನ್ನು ಅಂಚಿನಲ್ಲಿ ಕೂರಿಸಿಕೊಳ್ಳುತ್ತಾನೆ. ಟಂಟಂನಿಂದ ಊರು ಹಾಳಾಯಿತು ಎಂದು ಕಾರಿನಲ್ಲಿ ಹೋಗುವವರು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಊರನ್ನು ಹಿಡಿದು ನಿಲ್ಲಿಸಿರುವವರಲ್ಲಿ ಅವನೂ ಒಬ್ಬ ಎಂದು ನಾನು ನಂಬಿದ್ದೇನೆ. ಅವನಿಗೆ ಮಾರ್ಗ, ನಿಲ್ದಾಣ, ದರ ಮೂರನ್ನೂ ಗೊತ್ತುಮಾಡಿ, ಎಷ್ಟು ಜನರನ್ನು ಕೂರಿಸಬೇಕು ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಮಾಡಿದರೆ, ಹೊಸದಾಗಿ ಒಂದು ರೂಪಾಯಿಯ ಬಂಡವಾಳ ಹೂಡದೆ ಊರಿಗೆ ಒಂದು ಸಾರಿಗೆ ವ್ಯವಸ್ಥೆ ಸಿಗುತ್ತದೆ.

ಈಗ ಅಗಲವಾದ ರಸ್ತೆಯ ಇನ್ನೊಂದು ಮುಖವನ್ನು ನೋಡೋಣ. ರಸ್ತೆ ಅಗಲವಾದಷ್ಟೂ ಗಾಡಿಯ ವೇಗ ತಾನಾಗಿ ಹೆಚ್ಚುತ್ತದೆ. ಫಲಕದ ಮೇಲೆ ಏನು ಬರೆದರೂ ಚಾಲಕನ ಕಾಲು ರಸ್ತೆಯ ಅಗಲದ ಮಾತನ್ನೇ ಕೇಳುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಬಡಿಯುವ ಗಾಡಿಯಲ್ಲಿ 30ರಲ್ಲಿ ಬಡಿಯುವ ಗಾಡಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಶಕ್ತಿ ಇರುತ್ತದೆ, ಏಕೆಂದರೆ ಆ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 30ರಲ್ಲಿ ಬಡಿದ ಗಾಡಿಯಿಂದ ಬಿದ್ದ ಮನುಷ್ಯ ಬಹುಮಟ್ಟಿಗೆ ಬದುಕುಳಿಯುತ್ತಾನೆ. ಜನ ಮತ್ತು ಗಾಡಿ ಬೆರೆಯುವ ಬೀದಿಗಳಲ್ಲಿ 30ನ್ನೇ ಮಿತಿಯಾಗಿ ಇಡಬೇಕೆಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಇವೆರಡನ್ನು ಕೂಡಿಸಿದರೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮೈಮೇಲೆ ತಗಡಿನ ಹೊದಿಕೆಯೂ ಇರಲಿಲ್ಲ. ಬಸ್ಸು ಸಿಗದೆ ಮೋಟಾರ್ ಸೈಕಲ್ ಕೊಂಡವನ ಮಾತನ್ನು ಆಗಲೇ ಹೇಳಿದೆ. ಅವನ ಸಾವನ್ನು ಅಪಘಾತದ ಪಟ್ಟಿಯಲ್ಲಿ ಬರೆಯುತ್ತಾರೆ. ಅವನ ಬಸ್ಸು ಯಾವಾಗ ನಿಂತಿತು ಎಂಬುದು ಬೇರೆ ಕಚೇರಿಯ ಬೇರೆ ಕಡತದಲ್ಲಿರುತ್ತದೆ.

ಕಾಲುದಾರಿಯ ಬಗ್ಗೆ, ರಸ್ತೆಗಳ ಅಳತೆಯನ್ನು ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಬಹಳ ಸ್ಪಷ್ಟವಾಗಿದೆ: ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯಲು ಬೇಕಾಗುವ ಅಗಲ ಅದು. ನಮ್ಮ ಊರಿನ ಹಲವು ಕಡೆ ಕಾಲುದಾರಿಯ ಅಂಚು ನನ್ನ ಮೊಣಕಾಲಿಗೆ ಬರುತ್ತದೆ. ಮೇಲೆ ಹತ್ತಿದರೆ ಹತ್ತು ಹೆಜ್ಜೆಗೊಂದು ಟ್ರಾನ್ಸ್‌ಫಾರ್ಮರ್, ಅದು ದಾಟಿದರೆ ಯಾರದೋ ಮನೆಯ ಕಾರಿಗಾಗಿ ಇಳಿಜಾರು, ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು. ಹೀಗೆ ಮೂರು ಸಲ ಹತ್ತಿ ಇಳಿದ ಮುದುಕರು ನಾಲ್ಕನೆಯ ಸಲ ರಸ್ತೆಯ ಮೇಲೆಯೇ ನಡೆಯುತ್ತಾರೆ. ಆಗ ನಾವು ಏನು ಹೇಳುತ್ತೇವೆ? ಕಾಲುದಾರಿ ಕಟ್ಟಿಕೊಟ್ಟರೂ ಜನ ಅದನ್ನು ಬಳಸುವುದಿಲ್ಲ ಎನ್ನುತ್ತೇವೆ.

2006ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ತಂದಾಗ ಅದರ ತಿರುಳಾಗಿ ಒಂದು ಮಾತು ಇತ್ತು: ರಸ್ತೆಯ ಜಾಗವನ್ನು ಹಂಚುವಾಗ ಗಮನ ಇರಬೇಕಾದದ್ದು ಜನರ ಮೇಲೆ, ವಾಹನಗಳ ಮೇಲೆ ಅಲ್ಲ. ಈ ಮಾತನ್ನು ನಮ್ಮ ಭಾಗದಲ್ಲಿ ಕಣ್ಣಾರೆ ನೋಡಬೇಕೆಂದರೆ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸನ್ನು ಹತ್ತಬೇಕು. 2018ರಲ್ಲಿ ಓಡತೊಡಗಿದ ಆ ಬಸ್ಸುಗಳಿಗೆ ಸುಮಾರು 22 ಕಿಲೋಮೀಟರಿನ ಮಾರ್ಗದ ಬಹುಭಾಗದಲ್ಲಿ ರಸ್ತೆಯ ನಡುವೆ ಮೀಸಲು ಪಥ ಮಾಡಿದರು. ಆ ವ್ಯವಸ್ಥೆಯ ಕೊರತೆಗಳ ಬಗ್ಗೆ, ವಿಶೇಷವಾಗಿ ರಸ್ತೆ ದಾಟುವವರ ಪಾಡಿನ ಬಗ್ಗೆ, ಅಲ್ಲಿಯ ಜನ ಹೇಳುವುದರಲ್ಲಿ ನಿಜವಿದೆ. ಆದರೂ ಐವತ್ತು ಜನ ಕುಳಿತ ಬಸ್ಸು ಒಬ್ಬ ಕುಳಿತ ಕಾರಿನ ಹಿಂದೆ ನಿಲ್ಲಬೇಕಾಗಿಲ್ಲ ಎಂದು ಸರ್ಕಾರ ಒಮ್ಮೆಯಾದರೂ ಡಾಂಬರಿನ ಮೇಲೆ ಬರೆದು ತೋರಿಸಿತು. ನಮಗೆ ಅಂಥ ದೊಡ್ಡ ಪಥ ಬೇಕಾಗಿಲ್ಲ. ಆ ಮನಸ್ಸು ಬೇಕು.

ರಸ್ತೆ ಎಂದರೆ ಹಾದುಹೋಗುವ ಜಾಗ ಮಾತ್ರವಲ್ಲ ಎಂಬುದಕ್ಕೆ ನಮ್ಮ ಊರೇ ಒಂದು ಸಾಕ್ಷಿ ಇಟ್ಟುಕೊಂಡಿದೆ. ಬಾಗಲಕೋಟೆಯ ಹೋಳಿಯನ್ನು ನೋಡಲು ಹೊರಗಿನಿಂದ ಜನ ಬರುತ್ತಾರೆ. ಕಿಲ್ಲಾ, ಹೊಸಪೇಟೆ, ಹಳೆಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಓಣಿಗಳು ಸರದಿಯಂತೆ ಬಣ್ಣದ ಬಂಡಿಗಳನ್ನು ಹೊರಡಿಸುತ್ತವೆ. ಹಲಗಿಯ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಎದೆಯೊಳಗೆ ಇಳಿಯುತ್ತದೆ. ಬಂಡಿಯಲ್ಲಿರುವವರೂ ಮಾಳಿಗೆಯಲ್ಲಿರುವವರೂ ಒಬ್ಬರ ಮೇಲೊಬ್ಬರು ಬಣ್ಣ ಎರಚುತ್ತಾರೆ. ನಾನು ಚಿಕ್ಕವನಿದ್ದಾಗ ಮಾಳಿಗೆಯ ಅಂಚಿನಲ್ಲಿ ನಿಂತು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾಯುವ ಬಂಡಿಯ ಬ್ಯಾರಲ್ಲಿನ ಹಸಿರು ನೀರನ್ನು ಮೈತುಂಬ ಹೊಯ್ಯಿಸಿಕೊಂಡಿದ್ದೇನೆ. ಇದು ಸಾಧ್ಯವಾಗುವುದು ಬೀದಿಯ ಅಗಲ ಹಲಗಿಯ ಸದ್ದಿಗೂ ಬಣ್ಣದ ತುಂತುರಿನ ಹಾರಾಟಕ್ಕೂ ತಕ್ಕ ಅಳತೆಯಲ್ಲಿ ಇರುವುದರಿಂದ. ನೂರಡಿ ರಸ್ತೆಯಲ್ಲಿ ಬಂಡಿ ನಡುವೆ ಹೋದರೆ ಬಣ್ಣ ಮನೆಗೆ ಮುಟ್ಟುವುದೇ ಇಲ್ಲ. ಎಲ್ಲ ಬೀದಿಗಳೂ ಇಕ್ಕಟ್ಟಾಗಿರಲಿ ಎಂದು ಇದರ ಅರ್ಥವಲ್ಲ. ಅಂಬುಲೆನ್ಸು ಹೋಗದ ಓಣಿಯ ಸಂಕಟವೂ ನನಗೆ ಗೊತ್ತು. ಬೀದಿಯ ಅಗಲವನ್ನು ಗೊತ್ತುಮಾಡುವವನು ಅಲ್ಲಿ ಯಾವ ಹಬ್ಬ ನಡೆಯಬಹುದು, ನಡೆಯಬಾರದು ಎಂಬುದನ್ನೂ ಗೊತ್ತುಮಾಡುತ್ತಾನೆ ಎಂಬುದನ್ನು ಮಾತ್ರ ನಾವು ಮರೆಯಬಾರದು.

ಬಸ್ಸು ನಿಲ್ಲುವ ಜಾಗ ಊರನ್ನು ಹುಟ್ಟಿಸುವುದನ್ನೂ ನಾವು ನೋಡಿದ್ದೇವೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ಬಾಗಲಕೋಟೆಯೊಳಗೆ ಬರದೆ ಗದ್ದನಕೇರಿ ಕ್ರಾಸಿನಲ್ಲಿ ಹಾಯ್ದು ಹೋಗುತ್ತದೆ. ಆ ಕ್ರಾಸಿನಲ್ಲಿ ಬಸ್ಸು ನಿಂತಿತು, ಆದ್ದರಿಂದ ಚಹಾದ ಅಂಗಡಿ ಬಂತು; ರಾತ್ರಿಯಿಡೀ ಬಸ್ಸು ಬಂದದ್ದರಿಂದ ಅಂಗಡಿ ರಾತ್ರಿಯಿಡೀ ತೆರೆದಿತು; ದೀಪವಿದ್ದುದರಿಂದ ಇನ್ನಷ್ಟು ಜನ ಅಲ್ಲಿಯೇ ಇಳಿದರು. ಅದನ್ನು ಯಾವ ವಾಸ್ತುಶಿಲ್ಪಿಯೂ ಬರೆಯಲಿಲ್ಲ. ಜನ ಎಲ್ಲಿ ಕಾಯುತ್ತಾರೋ ಅಲ್ಲಿ ಪೇಟೆ ಕೂಡುತ್ತದೆ ಎಂಬ ಈ ಸರಳ ಸತ್ಯವನ್ನು ಯೋಜಕರು ತಮ್ಮ ಕಡೆ ಎಳೆದುಕೊಂಡರೆ, ಪ್ರತಿ ಸೆಕ್ಟರಿನ ಬಸ್ ನಿಲ್ದಾಣದ ಪಕ್ಕದಲ್ಲಿಯೇ ಗಿರಣಿ, ಔಷಧಿ ಅಂಗಡಿ, ಕಾಯಿಪಲ್ಲೆಯವರು, ಅಂಗನವಾಡಿ ಇರುವಂತೆ ಮಾಡಬಹುದು. ಒಂದೇ ನಡಿಗೆಯಲ್ಲಿ ನಾಲ್ಕು ಕೆಲಸ ಮುಗಿಸುವ ನಮ್ಮ ಅವ್ವಂದಿರ ಜಾಣತನಕ್ಕೆ ಅದರಷ್ಟು ಹೊಂದುವ ಯೋಜನೆ ಬೇರೆ ಇಲ್ಲ.

ಮನೆ ಮೊದಲು, ಸಾರಿಗೆ ಆಮೇಲೆ ಎಂಬ ಕ್ರಮದ ಬೆಲೆ ಏನು ಎಂಬುದನ್ನು ನವಿ ಮುಂಬೈ ಬಹಳ ದುಬಾರಿಯಾಗಿ ಕಲಿತಿತು. 1970ರಲ್ಲಿ ಆ ನಗರವನ್ನು ಕಟ್ಟುವ ಸಂಸ್ಥೆ ಹುಟ್ಟಿತು. ನಡುವಿನ ಕಡಲ ಖಾರಿಯನ್ನು ದಾಟಿ ಮುಂಬೈಯ ಲೋಕಲ್ ರೈಲು ಅಲ್ಲಿಯ ವಾಶಿಗೆ ಬಂದದ್ದು 1992ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷ ಅಲ್ಲಿಗೆ ಹೋದ ಜನ ಮುಂಬೈಯ ಕೆಲಸಕ್ಕೆ ಹೇಗೆ ಹೋಗಿಬಂದರು ಎಂಬುದನ್ನು ಊಹಿಸಿಕೊಳ್ಳಿ. ಒಂದು ಸಲ ಗಾಡಿಯ ಮೇಲೆ ಬದುಕಲು ಕಲಿತ ಕುಟುಂಬ ಆಮೇಲೆ ಬಸ್ಸು ಬಂದರೂ ಅಷ್ಟು ಸುಲಭವಾಗಿ ಇಳಿದು ಬರುವುದಿಲ್ಲ. ಹೊಸ ಬಡಾವಣೆಗೆ ಮೊದಲ ಹತ್ತು ಮನೆಗಳು ಬಂದ ದಿನವೇ ಬಸ್ಸು ಬರಬೇಕು, ಸೀಟು ಖಾಲಿಯಿದ್ದರೂ ಬರಬೇಕು. ಆ ನಷ್ಟವನ್ನು ಚರಂಡಿಯ ಖರ್ಚಿನಂತೆ, ಬೀದಿದೀಪದ ಖರ್ಚಿನಂತೆ ಬಡಾವಣೆಯ ಖರ್ಚಿಗೆ ಹಾಕಬೇಕು.

ಇದು ನಮಗೆ ಕಳೆದುಹೋದ ಕಾಲದ ಮಾತಲ್ಲ. ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಕೃಷ್ಣೆಯ ನೀರಿನ ಹಂಚಿಕೆಯನ್ನು ವಿಚಾರಿಸಿದ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿದೆ. ವ್ಯಾಜ್ಯಗಳು ಮುಗಿದು ನೀರು ಆ ಮಟ್ಟಕ್ಕೆ ಏರಿದ ದಿನ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ಎದ್ದು ಹೊರಡಬೇಕಾಗುತ್ತದೆ. ಈ ಸಭೆಯಲ್ಲಿ ಅಂಥ ಓಣಿಗಳಿಂದ ಬಂದವರಿದ್ದೀರಿ. ಪರಿಹಾರದ ಮೊತ್ತ, ನಿವೇಶನದ ಅಳತೆ, ಈ ಎರಡರ ಬಗ್ಗೆ ನೀವು ಹೋರಾಡುತ್ತೀರಿ, ಹೋರಾಡಲೇಬೇಕು. ಅದರೊಂದಿಗೆ ದೂರದ ಬಗ್ಗೆಯೂ ಹೋರಾಡಿ ಎಂದು ನಾನು ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಒಂದೇ ಓಣಿಯವರನ್ನು ಒಂದೇ ಕಡೆ ಕೂಡಿಸಿ ನಿವೇಶನ ಕೊಡುವಂತೆ ಕೇಳಿ, ಏಕೆಂದರೆ ಗೆಳತಿಯ ಮನೆ ಪಕ್ಕದಲ್ಲಿದ್ದರೆ ಅಲ್ಲಿಗೆ ಬಸ್ಸೇ ಬೇಕಾಗುವುದಿಲ್ಲ. ಮುದುಕರಿರುವ ಮನೆಗಳಿಗೆ ನಿಲ್ದಾಣದ ಹತ್ತಿರದ ನಿವೇಶನ ಸಿಗಬೇಕೆಂದು ಕೇಳಿ. ರಸ್ತೆಗೆ ಡಾಂಬರು ಹಾಕುವ ಮೊದಲು ಬೇವಿನ ಸಸಿ ನೆಡಿಸಿ. ಮನೆ ಕಟ್ಟಿ ಮುಗಿಯುವಷ್ಟರಲ್ಲಿ ಅವು ಆಳೆತ್ತರ ಬಂದಿರುತ್ತವೆ.

ಬಡಾವಣೆಯ ನಕ್ಷೆಯನ್ನು ಜನರ ಆಕ್ಷೇಪಣೆಗಾಗಿ ಪ್ರಕಟಿಸಿದಾಗ ಅದನ್ನು ನೋಡಲು ಗಂಡಸರು ಮಾತ್ರ ಹೋಗಬೇಡಿ. ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿ, ನಕ್ಷೆಯ ಮೇಲೆ ನಿಮ್ಮ ನಿವೇಶನವನ್ನು ಅವರಿಗೆ ತೋರಿಸಿ, "ಇಲ್ಲಿಂದ ಗಿರಣಿಗೆ ಹೆಂಗ ಹೋಗ್ತಿ?" ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿಸಿ ಕಚೇರಿಗೆ ಕೊಡಿ. ಕೈಬರಹದ ಅರ್ಜಿ ಸಾಕು, ವಕೀಲರ ಭಾಷೆ ಬೇಕಾಗಿಲ್ಲ. ಅದರ ನಕಲಿನ ಮೇಲೆ ತಾರೀಖಿನೊಂದಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ.